ನಾಟಕನೂ ಬೇಕು, ಮ್ಯಾಥ್ಸೂ ಪಾಸಾಗ್ಬೇಕು ಅಂದ್ರೆ ಮೊದಲು ವಾರದ ಲೆಕ್ಕ ಬರೆದು ನೋಡಮ್ಮ

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿಎಸ್ಸಿ ಮೂರನೇ ಸೆಮಿಸ್ಟರ್, ಪಿಸಿಎಂ. ನಮ್ಮೂರು ಹರಿಹರದ ಹತ್ರ, ದಿನಾ ಬಸ್ಸಲ್ಲಿ ಓಡಾಡ್ತೀನಿ. ಎನ್ಎಸ್ಎಸ್ ಲೀಡರ್ ಆಗಿದೀನಿ, ಯುವಜನೋತ್ಸವಕ್ಕೆ ಏಕಾಂಕ ನಾಟಕದಲ್ಲಿ ಪಾರ್ಟ್ ಮಾಡ್ತಿದೀನಿ, ಕಾಲೇಜ್ ಮ್ಯಾಗಜಿನ್ ಕಮಿಟಿಲಿದೀನಿ, ಥ್ರೋಬಾಲ್ ಟೀಮಲ್ಲೂ ಇದೀನಿ. ಮೊದಲ್ನೇ ಇಂಟರ್ನಲ್ಸ್‌ನಲ್ಲಿ ಮ್ಯಾಥ್ಸ್ 20ಕ್ಕೆ 7 ಬಂತು. ಅಪ್ಪ ಎಲ್ಲಾ ಬಿಟ್ಬಿಡು ಅಂತಿದಾರೆ. ನಂಗೆ ಯಾವ್ದನ್ನೂ ಬಿಡೋಕೆ ಮನಸ್ಸಿಲ್ಲ. ರಾತ್ರಿ 11ಕ್ಕೆ ಓದೋಕೆ ಕೂತ್ರೆ ನಿದ್ದೆ ಬರುತ್ತೆ. ಏನ್ ಮಾಡ್ಲಿ?

ಉತ್ತರ: ನೋಡಮ್ಮ, ಮೊದಲು ನಿಮ್ಮಪ್ಪನ ಮೇಲೆ ಬೇಜಾರು ಮಾಡ್ಕೋಬೇಡ. 20ಕ್ಕೆ 7 ನೋಡಿದ ಯಾವ ಅಪ್ಪನಾದ್ರೂ ಅದನ್ನೇ ಹೇಳೋದು. ಆದ್ರೆ ಎಲ್ಲಾ ಬಿಟ್ರೆ ಮಾರ್ಕ್ಸ್ ತಾನಾಗೇ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. 24 ವರ್ಷ ಫಿಸಿಕ್ಸ್ ಪಾಠ ಮಾಡಿದೀನಿ, ಅದ್ರಲ್ಲಿ 4 ವರ್ಷ ಎನ್ಎಸ್ಎಸ್ ಪ್ರೋಗ್ರಾಂ ಆಫೀಸರ್ ಆಗಿದ್ದೆ, ಆಮೇಲೆ ಕಲ್ಚರಲ್ ಕಮಿಟಿನೂ ನೋಡ್ಕೊಂಡೆ, ಮನೇಲಿ ಬೈದ್ರು ಅಂತ ಎಲ್ಲಾ ಬಿಟ್ಟು ಕೂತ ಹುಡುಗ್ರು ಆ ಸಂಜೆ ಹೊತ್ತು ಓದಿದ್ದನ್ನ ನೋಡಿದ್ದು ಕಡಿಮೆ, ಅದು ಮೊಬೈಲ್‌ಗೆ ಹೋಗಿದ್ದೇ ಜಾಸ್ತಿ. ಹಾಗಂತ ನಾಲ್ಕನ್ನೂ ಹಿಡ್ಕೊಂಡೇ ಹೋಗು ಅಂತಾನೂ ಹೇಳಲ್ಲ. ಎರಡು ಇಟ್ಕೋ, ಎರಡು ಬಿಡು. ಯಾವ ಎರಡು ಅನ್ನೋದಕ್ಕೆ ಆಮೇಲೆ ಬರ್ತೀನಿ, ಅದಕ್ಕಿಂತ ಮುಂಚೆ ಒಂದು ಲೆಕ್ಕ ಇದೆ.

ಒಂದು ಹಾಳೆ ತಗೋ. ವಾರಕ್ಕೆ 168 ಗಂಟೆ. ದಿನಕ್ಕೆ ಏಳೂವರೆ ಗಂಟೆ ನಿದ್ದೆ ಅಂದ್ರೆ 52 ಹೋಯ್ತು. ಕ್ಲಾಸು ಲ್ಯಾಬು ಸೇರಿ ದಿನಕ್ಕೆ 6 ಗಂಟೆ ಅಂತ ಆರು ದಿನಕ್ಕೆ 36. ಊರಿಂದ ಹರಿಹರ, ಅಲ್ಲಿಂದ ದಾವಣಗೆರೆ, ಮತ್ತೆ ವಾಪಸ್, ಬಸ್ಸಿಗೆ ಕಾಯೋದೂ ಸೇರಿ ದಿನಕ್ಕೆ 2 ಗಂಟೆ ಹಿಡಿದ್ರೆ 12. ಸ್ನಾನ, ಊಟ, ಮನೇಲಿ ಅವ್ವನ ಜೊತೆ ಕೆಲಸ, ದಿನಕ್ಕೆ 3 ಅಂತ 21. ಎಷ್ಟು ಉಳೀತು? 47. ಅದ್ರಲ್ಲಿ ನಿನ್ನ ನಾಲ್ಕೂ ಚಟುವಟಿಕೆಗೆ 18 ಗಂಟೆ ಕೊಟ್ಬಿಡು, ಧಾರಾಳವಾಗೇ ಕೊಡೋಣ. 29 ಉಳೀತು. ಮದುವೆ, ತಿಥಿ, ಜಾತ್ರೆ, ನೆಂಟ್ರು ಬಂದ್ರು, ಹೊಲದಲ್ಲಿ ಮೆಕ್ಕೆಜೋಳ ಮುರಿಯೋಕೆ ಹೋಗ್ಬೇಕು ಅಂತ ಇನ್ನೊಂದು 9 ತೆಗೆದಿಟ್ರೂ 20 ಗಂಟೆ ನಿನ್ನ ಕೈಲಿರ್ಬೇಕಲ್ಲ? ಮೂರು ಸಬ್ಜೆಕ್ಟಿಗೆ ವಾರಕ್ಕೆ 20 ಗಂಟೆ ಓದಿದ್ರೆ ಯಾರಿಗೂ 7 ಬರಲ್ಲ. ಅಂದ್ರೆ ಆ 20 ಗಂಟೆ ಎಲ್ಲೋ ಸೋರ್ತಾ ಇದೆ. ಎಲ್ಲಿ ಅಂತ ಹುಡುಕೋದೇ ಈಗ ನಿನ್ನ ಮೊದಲ ಕೆಲಸ.

ಈ ಲೆಕ್ಕ ನಾನು ಹೇಳಿದ್ದು ಅಂತ ನಂಬಬೇಡ. ಈ ಸೋಮವಾರದಿಂದ ಭಾನುವಾರದ ತನಕ ಒಂದು ಚಿಕ್ಕ ಪಾಕೆಟ್ ಡೈರಿಲಿ ಅರ್ಧ ಅರ್ಧ ಗಂಟೆಗೆ ಏನ್ ಮಾಡ್ದೆ ಅಂತ ಬರಿ, ಸುಳ್ಳು ಬರೀಬೇಡ, ಯಾರಿಗೂ ತೋರಿಸೋದೂ ಬೇಡ. ನನ್ನ ಸ್ಟೂಡೆಂಟ್ಸ್ ಹತ್ರ ಇದನ್ನ ಎಷ್ಟೋ ಸಲ ಮಾಡಿಸಿದೀನಿ, ಪ್ರತಿ ಸಲನೂ ಸಿಗೋದು ಒಂದೇ, ಕಾರ್ಯಕ್ರಮಕ್ಕೆ ಹೋಗೋ ಹೊತ್ತು ಕಡಿಮೆ, ಕಾರ್ಯಕ್ರಮಕ್ಕಾಗಿ ಕಾಯೋದು, ಅದ್ರ ಬಗ್ಗೆ ಮಾತಾಡೋದು, ಅದ್ರ ಗ್ರೂಪ್ ನೋಡೋದು, ಇದಕ್ಕೆ ಹೋಗೋ ಹೊತ್ತೇ ಜಾಸ್ತಿ. ಎನ್ಎಸ್ಎಸ್‌ನೇ ತಗೋ. ನಿಯಮದ ಪ್ರಕಾರ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಅದ್ರ ಜೊತೆಗೆ 7 ದಿನದ ವಿಶೇಷ ಶಿಬಿರ. 120ನ್ನ 52 ವಾರಕ್ಕೆ ಹಂಚಿದ್ರೆ ವಾರಕ್ಕೆ ಎರಡೂವರೆ ಗಂಟೆನೂ ಆಗಲ್ಲ ಕಣಮ್ಮ! ಅಷ್ಟು ಹೊತ್ತಿಗೆ ಯಾರ ಮ್ಯಾಥ್ಸೂ ಕೆಡಲ್ಲ. ಕೆಡೋದು ಬ್ಯಾನರ್ ಪ್ರಿಂಟ್ ಆಯ್ತಾ ಅಂತ ಪ್ರೆಸ್ ಮುಂದೆ ನಿಂತ ಒಂದೂವರೆ ಗಂಟೇಲಿ, ಗೆಸ್ಟ್‌ಗೆ ಹಾರ ತರೋಕೆ ಮೂರು ಜನ ಹೋದ ಮಧ್ಯಾಹ್ನದಲ್ಲಿ.

ನಾಟಕದ್ದಂತೂ ನಾನೇ ಕಣ್ಣಾರೆ ಅಳೆದು ನೋಡಿದೀನಿ. ಒಂದ್ಸಲ ರಿಹರ್ಸಲ್ ಹಾಲ್‌ನ ಮೂಲೇಲಿ ಕುರ್ಚಿ ಹಾಕ್ಕೊಂಡು ಕೂತೆ, ನೋಟ್‌ಬುಕ್‌ನಲ್ಲಿ ಪ್ರತಿ ಹುಡುಗನ ಹೆಸರು ಬರೆದು ಅವನು ನಿಜವಾಗಿ ಡೈಲಾಗ್ ಹೇಳ್ತಾ, ಮೂವ್‌ಮೆಂಟ್ ಕಲೀತಾ ಇರೋ ನಿಮಿಷಗಳನ್ನ ಗುರುತು ಹಾಕ್ತಾ ಹೋದೆ. ನಾಟಕ 30 ನಿಮಿಷದ್ದು, ಅವತ್ತು ರಿಹರ್ಸಲ್ ನಡೆದಿದ್ದು 2 ಗಂಟೆ 40 ನಿಮಿಷ. ದಾಸಯ್ಯನ ಪಾರ್ಟ್ ಮಾಡ್ತಿದ್ದ ಹುಡುಗ ಕೆಲಸ ಮಾಡಿದ್ದು 22 ನಿಮಿಷ. ಉಳಿದ ಹೊತ್ತೆಲ್ಲಾ ಕಿಟಕಿ ಮೇಲೆ ಕೂತಿದ್ದ, ಹೊರಗೆ ಹೋಗಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಬಂದ, ರೀಲ್ಸ್ ನೋಡ್ದ, ಎರಡು ಸಲ ನನ್ನ ಹತ್ರ ಬಂದು ಸರ್ ಬಸ್ ಹೋಗುತ್ತೆ ಅಂದ. ಅವನು ಆ ಸೆಮಿಸ್ಟರ್ ಕೆಮಿಸ್ಟ್ರಿ ಬ್ಯಾಕ್ ಉಳಿಸ್ಕೊಂಡ, ಮನೇಲಿ ನಾಟಕದಿಂದ ಹಾಳಾದ ಅಂದ್ರು. ನಾಟಕ ಏನ್ ಮಾಡ್ತು ಪಾಪ, ಅವನನ್ನ ಸುಮ್ನೆ ಕೂರ್ಸಿದ್ದು ನಾವು. ಮಾರನೇ ದಿನ ಸೀನ್ ಪ್ರಕಾರ ಟೈಮ್ ಬರೆದು ಬಾಗಿಲಿಗೆ ಅಂಟಿಸಿದ್ವಿ, 4ರಿಂದ 4:40 ಈ ನಾಲ್ಕು ಜನ, 4:40ರಿಂದ 5:20 ಈ ಮೂರು ಜನ, ಕೊನೆ 40 ನಿಮಿಷ ಎಲ್ಲರೂ. 6 ಗಂಟೆಗೆ ಹಾಲ್ ಬೀಗ. ಡೈರೆಕ್ಟರ್‌ಗೆ ಮೊದಲೆರಡು ದಿನ ಸಿಟ್ಟು ಬಂತು, ಆಮೇಲೆ ಅವರೇ ಇದೇ ಚೆನ್ನಾಗಿದೆ ಅಂದ್ರು, ಯಾಕಂದ್ರೆ ಹೊತ್ತು ಕಡಿಮೆ ಇದೆ ಅಂದ್ಮೇಲೆ ಹುಡುಗ್ರು ಡೈಲಾಗ್ ಬಾಯಿಪಾಠ ಮಾಡ್ಕೊಂಡೇ ಬರ್ತಿದ್ರು. ನೀನೂ ನಿಮ್ಮ ಡೈರೆಕ್ಟರ್ ಹತ್ರ ಈ ಮಾತು ಎತ್ತು. ನಿಂಗೆ ಬಸ್ಸಿನ ಕಾರಣ ಇದ್ದೇ ಇದೆ, ಕತ್ತಲಾದ್ಮೇಲೆ ಹರಿಹರದಲ್ಲಿ ಇಳಿದು ಹಳ್ಳಿ ಬಸ್ಸಿಗೆ ಒಬ್ಳೇ ನಿಲ್ಲೋದು ಬೇಡ, ಆರು ಗಂಟೆ ಅಂದ್ರೆ ಆರೇ ಗಂಟೆ ಅಂತ ಗಟ್ಟಿಯಾಗಿ ಹೇಳು, ಅದ್ರಲ್ಲಿ ಸಂಕೋಚ ಪಡೋದೇನೂ ಇಲ್ಲ.

ಇಲ್ಲಿ ನಮ್ಮಪ್ಪನ ವಿಷಯ ಹೇಳ್ಲೇಬೇಕು. ಅವರು ಇಲ್ಲೇ ಕಾಟನ್ ಮಿಲ್‌ನಲ್ಲಿ ಕೆಲಸಕ್ಕಿದ್ರು, ಆಗ ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಮಿಲ್ಲಿನ ಸೈರನ್ ಕೇಳಿ ಮನೇಲಿ ಹೆಂಗಸ್ರು ಅನ್ನಕ್ಕಿಡ್ತಿದ್ರು. ಶಿಫ್ಟ್ ಬಿಡೋ ಸೈರನ್ ಆಯ್ತು ಅಂದ್ರೆ ಮುಗೀತು, ಕೈಲಿದ್ದ ಕೆಲಸ ಮುಂದಿನ ಶಿಫ್ಟಿನವನಿಗೆ ಒಪ್ಪಿಸಿ ಬಂದ್ಬಿಡೋದು, ಮನೆಗೆ ಬಂದ್ಮೇಲೆ ಮಿಲ್ಲಿನ ಮಾತಿಲ್ಲ. ನಾನು ಡಿಗ್ರಿಲಿದ್ದಾಗ ಕಾಲೇಜ್ ಡೇ ಕಮಿಟಿ ಅಂತ ಮೂರು ವಾರ ಓಡಾಡಿ ಮ್ಯಾಥ್ಸ್ ಬ್ಯಾಕ್ ಉಳಿಸ್ಕೊಂಡೆ. ಅಪ್ಪ ಬೈಲಿಲ್ಲ. ನಿಂಗೆ ಶಿಫ್ಟ್ ಬಿಡೋ ಹೊತ್ತು ಯಾವ್ದು, ಯಾರಿಗೆ ಒಪ್ಸಿ ಬರ್ತೀಯ ಅಂತ ಮಾತ್ರ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಅದೇ ಎರಡು ಪ್ರಶ್ನೆ ನಿಂಗೆ ಕೇಳ್ತಿದೀನಿ. ನಿನ್ನ ನಾಲ್ಕು ಕೆಲಸಕ್ಕೂ ಶುರು ಆಗೋ ಟೈಮ್ ಇದೆ, ಬಿಡೋ ಟೈಮ್ ಒಂದಕ್ಕೂ ಇಲ್ಲ, ಒಪ್ಪಿಸೋಕೆ ಜನಾನೂ ಇಲ್ಲ, ಅದಕ್ಕೇ ರಾತ್ರಿ 11ಕ್ಕೆ ಪುಸ್ತಕ ತೆಗೆದ್ರೂ ತಲೇಲಿ ನಾಟಕ, ಮ್ಯಾಗಜಿನ್, ನಾಳೆ ಶ್ರಮದಾನಕ್ಕೆ ಯಾರ್ ಬರ್ತಾರೆ ಅನ್ನೋದೇ ಓಡ್ತಿರುತ್ತೆ.

ಈಗ ಯಾವ್ದು ಬಿಡೋದು ಅನ್ನೋ ಮಾತು. ನಂಗೆ ಕಾಣೋದು ಹೀಗೆ: ನಾಟಕ ಇಟ್ಕೋ, ಅದಕ್ಕೆ ಮುಗಿಯೋ ದಿನಾಂಕ ಇದೆ, ಯುವಜನೋತ್ಸವ ಆದ್ರೆ ಮುಗೀತು, ಮತ್ತೆ ನೀನು ಮಧ್ಯದಲ್ಲಿ ಬಿಟ್ರೆ ಉಳಿದವರ ಶ್ರಮಾನೂ ಹಾಳಾಗುತ್ತೆ. ಎನ್ಎಸ್ಎಸ್ ಇಟ್ಕೋ, ಆದ್ರೆ ಲೀಡರ್‌ಗಿರಿ ಈ ಸೆಮಿಸ್ಟರ್ ಬೇರೆಯವ್ರಿಗೆ ಕೊಡು, ವಾಲಂಟಿಯರ್ ಆಗಿ ನಿನ್ನ 120 ಗಂಟೆ ಮಾಡು. ಮ್ಯಾಗಜಿನ್ ಬಿಡು. ಬೇಜಾರಾಗುತ್ತೆ ಗೊತ್ತು, ಆದ್ರೆ ನೀನು ಲೇಖನ ಬರೆಯೋಕೆ ಕಮಿಟಿಲಿ ಇರ್ಬೇಕಾಗಿಲ್ಲ, ಒಂದು ಒಳ್ಳೆ ಲೇಖನ ಬರೆದು ಕೊಡು ಸಾಕು, ಕಮಿಟಿ ಅಂದ್ರೆ ಬೇರೆಯವ್ರ ಲೇಖನಕ್ಕೆ ಬೆನ್ನು ಹತ್ತೋ ಕೆಲಸ. ಥ್ರೋಬಾಲ್‌ನ ಟೂರ್ನಮೆಂಟ್ ಟೀಮಿಂದ ಹೊರಗೆ ಬಾ, ಆಟ ಬಿಡ್ಬೇಡ, ವಾರಕ್ಕೆ ಎರಡು ದಿನ ಮಧ್ಯಾಹ್ನದ ಬ್ರೇಕಲ್ಲಿ ಅರ್ಧ ಗಂಟೆ ಆಡು, ಮೈ ಬೆವರಿದ್ರೆ ತಲೆ ಹಗುರ ಆಗುತ್ತೆ. ಇದು ನನ್ನ ಅಭಿಪ್ರಾಯ, ನಿಂಗೆ ನಾಟಕಕ್ಕಿಂತ ಥ್ರೋಬಾಲ್ ಮೇಲೇ ಪ್ರಾಣ ಇದ್ರೆ ಅದನ್ನ ಇಟ್ಕೊಂಡು ಮುಂದಿನ ಸಲ ನಾಟಕ ಬೇಡ ಅನ್ನು. ಒಂದು ಪೂರ್ತಿ, ಒಂದು ಅರ್ಧ, ಅದಕ್ಕಿಂತ ಹೆಚ್ಚು ಬೇಡ, ಅಷ್ಟೇ.

ಬಿಡೋದು ಹೇಗೆ? ಮೇಷ್ಟ್ರ ಮುಂದೆ ನಿಂತು ಆಗಲ್ಲ ಸರ್ ಅನ್ನೋಕೆ ನಮ್ಮ ಮಕ್ಕಳಿಗೆ, ಅದ್ರಲ್ಲೂ ಹಳ್ಳಿಯಿಂದ ಬಂದವ್ರಿಗೆ ಬಾಯೇ ಬರಲ್ಲ. ಇದ್ರಲ್ಲಿ ನಮ್ಮಂಥ ಮೇಷ್ಟ್ರುಗಳ ತಪ್ಪು ದೊಡ್ಡದು. ಉಳೋ ಎತ್ತಿಗೇ ಏಟು ಜಾಸ್ತಿ ಅಂತಾರಲ್ಲ, ಚೆನ್ನಾಗಿ ಕೆಲಸ ಮಾಡೋ ಒಂದು ಹುಡುಗಿ ಸಿಕ್ರೆ ಸ್ವಾಗತ ಭಾಷಣದಿಂದ ಹಿಡಿದು ಕುರ್ಚಿ ಜೋಡಿಸೋ ತನಕ ಅವಳಿಗೇ ಹೇಳ್ತೀವಿ, ಸುಮ್ನೆ ಕೂತ ಇನ್ನೂರು ಜನಕ್ಕೆ ಏನೂ ಹೇಳಲ್ಲ. ಅದಕ್ಕೇ ನೀನು ಬರೀ ಆಗಲ್ಲ ಅನ್ಬೇಡ, ಕೈಯಲ್ಲಿ ಇನ್ನೊಬ್ಳನ್ನ ಕರ್ಕೊಂಡೇ ಹೋಗು. "ಸರ್, ಮ್ಯಾಥ್ಸ್‌ನಲ್ಲಿ 7 ಬಂದಿದೆ, ಮನೇಲಿ ಓದು ಕಡೆ ನೋಡು ಅಂತಿದಾರೆ, ಈ ಸೆಮಿಸ್ಟರ್ ಲೀಡರ್ ಕೆಲಸ ಇವಳು ಮಾಡ್ತಾಳೆ, ಒಂದು ವಾರ ನಾನು ಜೊತೆಲಿದ್ದು ಎಲ್ಲಾ ಹೇಳ್ಕೊಡ್ತೀನಿ" ಅಂತ ಹೇಳು. ಇಷ್ಟು ಹೇಳಿದ್ಮೇಲೆ ಸಿಟ್ಟಾಗೋ ಮೇಷ್ಟ್ರು ಅಪರೂಪ. ಅಟೆಂಡೆನ್ಸ್ ರಿಜಿಸ್ಟರ್, ಹಳೆ ರಿಪೋರ್ಟ್, ದತ್ತು ಹಳ್ಳಿಯ ಪಂಚಾಯ್ತಿಯವ್ರ ಫೋನ್ ನಂಬರ್, ಎಲ್ಲಾ ಅವಳ ಕೈಗೆ ಕೊಡು, ಆಮೇಲೆ ಅವಳು ತಪ್ಪು ಮಾಡಿದ್ರೂ ಮಧ್ಯ ಹೋಗಬೇಡ. ಗ್ರೂಪ್‌ಗಳನ್ನ ಮ್ಯೂಟ್ ಮಾಡು, ಮಧ್ಯಾಹ್ನ ಊಟದ ಹೊತ್ತು ಒಂದ್ಸಲ, ಬಸ್ ಹತ್ತೋ ಮುಂಚೆ ಒಂದ್ಸಲ ನೋಡು. ಅರ್ಜೆಂಟ್ ಇದ್ರೆ ಫೋನ್ ಮಾಡಿ ಅಂತ ಎಲ್ಲರಿಗೂ ಹೇಳ್ಬಿಡು, ನಿಜವಾಗ್ಲೂ ಅರ್ಜೆಂಟ್ ಇರೋರು ಮಾಡ್ತಾರೆ.

ಇನ್ನು ಹಾಜರಿ. ಇದನ್ನ ಯಾರೂ ಮುಂಚೆ ಲೆಕ್ಕ ಹಾಕಲ್ಲ, ಕೊನೇಲಿ ಅಳ್ತಾ ಬರ್ತಾರೆ. ಡಿಗ್ರಿಲಿ 75% ಬೇಕು. ಥಿಯರಿ ಪೇಪರ್‌ಗೆ ವಾರಕ್ಕೆ 4 ಕ್ಲಾಸ್, 15 ವಾರ ಅಂದ್ರೆ 60 ಕ್ಲಾಸ್, 15 ತಪ್ಪಿದ್ರೂ ನಡೆಯುತ್ತೆ. ಆದ್ರೆ ಲ್ಯಾಬ್ ವಾರಕ್ಕೆ ಒಂದೇ, ಸೆಮಿಸ್ಟರ್‌ಗೆ 14 ಸಿಕ್ಕಿದ್ರೆ ಹೆಚ್ಚು. ಅದ್ರಲ್ಲಿ 3 ತಪ್ಪಿದ್ರೆ 78%, 4 ತಪ್ಪಿದ್ರೆ 71%ಕ್ಕೆ ಬಿದ್ದೆ! 7 ದಿನದ ಶಿಬಿರಕ್ಕೆ ಒಂದು ಲ್ಯಾಬ್, ಯುವಜನೋತ್ಸವಕ್ಕೆ ಒಂದು, ಜ್ವರ ಬಂದು ಒಂದು, ಇನ್ನೇನು ಉಳೀತು? ಅದಕ್ಕೇ ಶಿಬಿರದ ದಿನಾಂಕ ಗೊತ್ತಾದ ದಿನವೇ ಲ್ಯಾಬ್ ಮೇಡಂ ಹತ್ರ ಹೋಗಿ ಬೇರೆ ಬ್ಯಾಚ್ ಜೊತೆ ಆ ಎಕ್ಸ್‌ಪೆರಿಮೆಂಟ್ ಮಾಡ್ಬಹುದಾ ಅಂತ ಕೇಳು. ಓಡಿ ಲೆಟರ್, ಅಂದ್ರೆ ಕಾಲೇಜ್ ಕೆಲಸದ ಮೇಲೆ ಹೋಗಿದೀಯ ಅನ್ನೋ ಆನ್ ಡ್ಯೂಟಿ ಪತ್ರ, ಮುಂಚೇನೇ ಸಹಿ ಮಾಡ್ಸಿ ಡಿಪಾರ್ಟ್‌ಮೆಂಟಿಗೆ ಕೊಡು, ಒಂದು ಕಾಪಿ ಇಟ್ಕೋ. ಓಡಿಯಿಂದ ಹಾಜರಿ ಸಿಗ್ಬಹುದು, ಪಾಠ ಸಿಗಲ್ಲ, ಹಾಗಾಗಿ ಆ ದಿನಗಳ ನೋಟ್ಸ್ ಯಾರು ಕೊಡ್ತಾರೆ ಅಂತಾನೂ ಹೋಗೋ ಮುಂಚೆ ಗೊತ್ತು ಮಾಡ್ಕೊಂಡೇ ಹೋಗು. (ಇಂಜಿನಿಯರಿಂಗ್ ಓದೋ ಮಕ್ಕಳೂ ಇದನ್ನ ಓದ್ತಿದ್ರೆ ಒಂದು ಮಾತು, ವಿಟಿಯುನಲ್ಲಿ 85% ಹಾಜರಿ, ಮತ್ತೆ ಡಿಗ್ರಿ ಸಿಗ್ಬೇಕಂದ್ರೆ ಸಮಾಜಸೇವೆಯಂಥ ಚಟುವಟಿಕೆಗೆ ಸಿಗೋ 100 ಆಕ್ಟಿವಿಟಿ ಪಾಯಿಂಟ್ಸ್ ಕಡ್ಡಾಯ, ಲ್ಯಾಟರಲ್ ಎಂಟ್ರಿಯವ್ರಿಗೆ 75. ಅದನ್ನ ಕೊನೇ ವರ್ಷಕ್ಕೆ ಇಟ್ಕೋಬೇಡ್ರಪ್ಪ, ಪ್ಲೇಸ್‌ಮೆಂಟ್ ಹೊತ್ತಲ್ಲಿ ಗಿಡ ನೆಡೋಕೆ ಓಡಬೇಕಾಗುತ್ತೆ.)

ಓದೋ ವಿಷಯಕ್ಕೆ ಬರೋಣ, ನಿಂಗೆ ನಿಜವಾಗಿ ಕೈ ಕೊಟ್ಟಿರೋದು ಇಲ್ಲೇ ಅನ್ಸುತ್ತೆ. ರಾತ್ರಿ 11ಕ್ಕೆ ಕೂತು ನೋಟ್ಸ್ ಓದ್ತೀಯ, ಅರ್ಥ ಆದಂಗೆ ಇರುತ್ತೆ, ಟೆಸ್ಟಲ್ಲಿ ಬರಲ್ಲ, ಹೌದಾ? ಓದಿದ್ದನ್ನೇ ಓದೋದ್ರಲ್ಲಿ ಈ ಮೋಸ ಇದೆ. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕಿ ಅನ್ನೋ ಅಮೆರಿಕದ ಇಬ್ರು ಮನಃಶಾಸ್ತ್ರಜ್ಞರು ಕಾಲೇಜ್ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಂದು ಗುಂಪು ಪಾಠವನ್ನ ನಾಲ್ಕು ಸಲ ಓದ್ತು. ಇನ್ನೊಂದು ಗುಂಪು ಒಂದೇ ಸಲ ಓದಿ, ಪುಸ್ತಕ ಮುಚ್ಚಿ ನೆನಪಿದ್ದಿದ್ದನ್ನೆಲ್ಲಾ ಮೂರು ಸಲ ಬರೀತು. ಐದು ನಿಮಿಷ ಬಿಟ್ಟು ಕೇಳಿದಾಗ ನಾಲ್ಕು ಸಲ ಓದಿದವ್ರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ನಾಲ್ಕು ಸಲ ಓದಿದವ್ರಿಗೆ ನೆನಪಿದ್ದಿದ್ದು 40%, ಮುಚ್ಚಿ ಬರೆದವ್ರಿಗೆ 61%. ನಿನ್ನಂಗೆ ಹೊತ್ತು ಕಡಿಮೆ ಇರೋರಿಗೆ ಇದಕ್ಕಿಂತ ಲಾಭದ ದಾರಿ ಇನ್ನೊಂದಿಲ್ಲ.

ಇದನ್ನ ಬಸ್ಸಲ್ಲೇ ಮಾಡ್ಬಹುದು. ನಮ್ಮಲ್ಲಿ ಒಬ್ಳು ಹುಡುಗಿ ಇದ್ಲು, ರಕ್ತದಾನ ಶಿಬಿರ ಮುಗಿದು ಪಾಂಪ್ಲೆಟ್ ಒಂದು ಕಟ್ಟು ಉಳಿದಿತ್ತು, ಅದನ್ನ ಕೇಳಿ ಇಸ್ಕೊಂಡು ಒಂದೊಂದನ್ನೂ ನಾಲ್ಕು ತುಂಡು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಕೊಂಡಿದ್ಲು. ಖಾಲಿ ಇದ್ದ ಹಿಂಬದಿಲಿ ಬರೀ ಪ್ರಶ್ನೆ, ಸಣ್ಣದಾಗಿ, ಅವತ್ತಿನ ಕ್ಲಾಸ್‌ದು. ಉತ್ತರ ಎಲ್ಲೂ ಬರೀತಿರ್ಲಿಲ್ಲ. ಶಕ್ತಿ ಯೋಜನೆ ಬಂದ್ಮೇಲೆ ಬಸ್ಸಲ್ಲಿ ಸೀಟ್ ಸಿಗೋದೇ ಕಷ್ಟ ಅಲ್ವಾ, ಅವಳು ಒಂದು ಕೈಲಿ ಕಂಬಿ ಹಿಡ್ಕೊಂಡು ನಿಂತು, ಇನ್ನೊಂದು ಕೈಲಿ ಚೀಟಿ ನೋಡಿ ಮನಸ್ಸಲ್ಲೇ ಉತ್ತರ ಹೇಳ್ಕೋತಿದ್ಲು, ಬಂದಿದ್ದು ಒಂದು ಜೇಬಿಗೆ, ಬರದಿದ್ದು ಇನ್ನೊಂದು ಜೇಬಿಗೆ. ಮನೆಗೆ ಹೋಗಿ ಆ ಎರಡನೇ ಜೇಬಿಂದ ಚೀಟಿ ತೆಗೆದು ಅಷ್ಟನ್ನೇ ಓದೋದು. ಅವಳ ಚೀಟಿ ಒಂದನ್ನ ನಾನು ಕೇಳಿ ಇಸ್ಕೊಂಡಿದೀನಿ, ಒಂದು ಕಡೆ "ರಕ್ತದಾ" ಅಂತ ಕೆಂಪಕ್ಷರ, ಇನ್ನೊಂದು ಕಡೆ "ಡ್ಯಾಂಪ್ಡ್ ಆಸಿಲೇಶನ್, ಮೂರು ಕೇಸ್ ಯಾವ್ಯಾವ್ದು?" ಅಂತ. ಅವಳು ಕ್ಯಾಂಪಿಗೂ ಬಂದ್ಲು, ಫಸ್ಟ್ ಕ್ಲಾಸಲ್ಲೂ ಪಾಸಾದ್ಲು.

ಮ್ಯಾಥ್ಸ್‌ಗೆ ಚೀಟಿ ಅಷ್ಟೇ ಸಾಲಲ್ಲ, ಅದು ಕೈ ಕೆಲಸ, ಈಜು ಇದ್ದಂಗೆ, ನೋಡಿ ಬರಲ್ಲ. ದಿನಾ ಎರಡು ಲೆಕ್ಕ, ಕ್ಲಾಸಲ್ಲಿ ಮಾಡ್ಸಿದ್ದನ್ನೇ, ನೋಟ್ಸ್ ಮುಚ್ಚಿ, ಬಿಳಿ ಹಾಳೆ ಮೇಲೆ ಮಾಡು. ಎಲ್ಲಿ ನಿಂತು ಹೋಗ್ತೀಯೋ ಅಲ್ಲಿ ಗೀಟು ಎಳೆದು ನೋಟ್ಸ್ ನೋಡು, ಮುಚ್ಚು, ಮತ್ತೆ ಮೊದಲಿಂದ. 40 ನಿಮಿಷ ಸಾಕು. ಇದನ್ನ ರಾತ್ರಿಗೆ ಇಡಬೇಡ, ಬೆಳಗ್ಗೆ ಬಸ್ಸಿಗೆ ಮುಂಚೆ ಇಡು, ಇಲ್ಲಾಂದ್ರೆ ನಾಲ್ಕು ಗಂಟೆಗೆ ರಿಹರ್ಸಲ್‌ಗೆ ಮುಂಚೆ ಸಿಗೋ ಬ್ರೇಕಲ್ಲಿ ಲೈಬ್ರರಿಲಿ ಮಾಡು. ರಿಹರ್ಸಲ್ ಇರೋ ದಿನ ಬೇರೆ ಏನೂ ಓದೋಕಾಗ್ದಿದ್ರೂ ಪರ್ವಾಗಿಲ್ಲ, ಈ ಎರಡು ಲೆಕ್ಕ ಮಾತ್ರ ತಪ್ಪಿಸ್ಬೇಡ, ಒಂದ್ ದಿನ ತಪ್ಪಿದ್ರೆ ಎರಡನೇ ದಿನ ಸುಲಭ ಆಗ್ಬಿಡುತ್ತೆ, ಎರಡನೇ ದಿನ ಹೋಯ್ತು ಅಂದ್ರೆ ವಾರ ಹೋಯ್ತು.

ಮತ್ತೆ ನಿದ್ದೆ. 11ಕ್ಕೆ ಕೂತ್ರೆ ನಿದ್ದೆ ಬರುತ್ತೆ ಅಂದ್ರೆ ಮಲಗು ತಾಯಿ. ನಿನ್ನ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು, ಹಗಲು ಕಲಿತಿದ್ದು ತಲೇಲಿ ಗಟ್ಟಿಯಾಗೋದೂ ನಿದ್ದೇಲೇ. ಹತ್ತೂವರೆಗೆ ಮಲಗಿ ಆರಕ್ಕೆ ಎದ್ದು ಮುಕ್ಕಾಲು ಗಂಟೆ ಕೂತ್ರೆ, ರಾತ್ರಿ ಎರಡು ಗಂಟೆ ತೂಕಡಿಸಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತೆ. ಟೀ ಕುಡಿದು ಒಂದು ಗಂಟೆ ತನಕ ಎದ್ದಿರೋದನ್ನ ದೊಡ್ಡಸ್ತಿಕೆ ಅನ್ಕೋಬೇಡ.

ಯುವಜನೋತ್ಸವ ಆದ್ಮೇಲೆ ಸೆಮಿಸ್ಟರ್ ಪರೀಕ್ಷೆಗೆ ಎಷ್ಟು ವಾರ ಇದೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕು. ಕೊನೇ ಮೂರು ವಾರ ಯಾವ ಹೊಸ ಕೆಲಸಕ್ಕೂ ಹೂಂ ಅನ್ಬೇಡ, ಬಹುಮಾನ ಬಂದು ಸನ್ಮಾನ ಇಟ್ಕೊಂಡ್ರೂ ಅರ್ಧ ಗಂಟೆ ಹೋಗಿ ಬಾ ಅಷ್ಟೇ.

ಅಪ್ಪನ ಹತ್ರ ವಾದ ಮಾಡೋಕೆ ಹೋಗ್ಬೇಡ. ಯಾವ್ಯಾವ್ದು ಬಿಟ್ಟೆ, ಯಾವ್ದು ಇಟ್ಕೊಂಡೆ, ಯಾವ ದಿನ ಎಷ್ಟು ಗಂಟೆ ಬಸ್ಸಿಗೆ ಬರ್ತೀನಿ ಅಂತ ಒಂದು ಹಾಳೇಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸು, ಹೇಳಿದ ಬಸ್ಸಿಗೇ ಬಾ, ಲೇಟಾದ್ರೆ ಮುಂಚೇನೇ ಫೋನ್ ಮಾಡು. ಎರಡನೇ ಇಂಟರ್ನಲ್ಸ್ ತನಕ ಟೈಮ್ ಕೊಡಪ್ಪ ಅಂತ ಕೇಳು, ಕೊಡ್ತಾರೆ. ಒಂದ್ವೇಳೆ ಅದ್ರಲ್ಲೂ 7ರ ಆಸುಪಾಸಲ್ಲೇ ಬಂದ್ರೆ, ಅಥವಾ ಇನ್ನೊಂದು ಸಬ್ಜೆಕ್ಟೂ ಕೆಳಗೆ ಬಂದ್ರೆ, ನಾಟಕ ಮುಗಿಸಿ ಈ ವರ್ಷಕ್ಕೆ ಎಲ್ಲದಕ್ಕೂ ಬಿಡುವು ಕೊಡು, ಇದನ್ನ ನಾನೇ ಹೇಳ್ತಿದೀನಿ, ಅಪ್ಪನ ಮಾತಿಗೆ ಅಲ್ಲ.

ಇವತ್ತು ರಾತ್ರಿನೇ ಮಾಡ್ಬೇಕಾದ್ದು ಒಂದಿದೆ. ಆ 7 ಬಂದ ಟೆಸ್ಟ್ ಪೇಪರ್ ತೆಗಿ, ಹೋದ 13 ಮಾರ್ಕ್ಸ್ ಒಂದೊಂದರ ಪಕ್ಕದಲ್ಲೂ ಗುರುತು ಹಾಕು, ಇದು ಗೊತ್ತೇ ಇರ್ಲಿಲ್ಲ, ಇದು ಅರ್ಧಕ್ಕೆ ನಿಂತೆ, ಇದು ಕೂಡೋ ಕಳೆಯೋದ್ರಲ್ಲಿ ತಪ್ಪಿದ್ದು, ಇದಕ್ಕೆ ಟೈಮ್ ಸಾಲ್ಲಿಲ್ಲ, ಅಂತ. ಗೊತ್ತೇ ಇರ್ಲಿಲ್ಲ ಅನ್ನೋದು ಜಾಸ್ತಿ ಇದ್ರೆ ಯಾವ ಕ್ಲಾಸ್‌ಗಳು ತಪ್ಪಿವೆ ನೋಡು, ಅರ್ಧಕ್ಕೆ ನಿಂತಿದ್ದು ಜಾಸ್ತಿ ಇದ್ರೆ ನಾ ಹೇಳಿದ ಎರಡು ಲೆಕ್ಕದ ಅಭ್ಯಾಸ ಬೇಗ ಫಲ ಕೊಡುತ್ತೆ. ಎರಡನೇ ಇಂಟರ್ನಲ್ಸ್ ಆದ್ಮೇಲೆ ಎಷ್ಟು ಬಂತು ಅಂತ ಬರಿ ಅಮ್ಮ, 7 ಹೋಗಿ 12 ಆಗಿದ್ರೂ ಬರಿ, 7 ಏಳಾಗೇ ಉಳಿದಿದ್ರೂ ಬರಿ, ಎರಡೂ ಪೇಪರ್‌ನ ಫೋಟೋ ತೆಗೆದು ಜೊತೆಗೆ ಕಳ್ಸು, ಎಲ್ಲಿ ಸಿಕ್ಕಾಕೊಂಡಿದೀಯ ಅಂತ ಕೂತು ನೋಡೋಣ.